ಹಿತ್ತಿಲಿಗೆ ಬರುವ ಸಿದ್ಧ ಮನೆ: ಮುಂಗಡ ಕಳಿಸುವ ಮುನ್ನ

ಬಟ್ಟೆ, ಪಾತ್ರೆ, ಕುಕ್ಕರ್, ಮಂಚ ಎಲ್ಲವೂ ಮೊಬೈಲಿನಲ್ಲಿ ಬೆರಳು ಒತ್ತಿದರೆ ಮನೆಬಾಗಿಲಿಗೆ ಬರುವ ಕಾಲ ಬಂದು ಎಷ್ಟೋ ವರ್ಷಗಳಾದವು. ಈಗ ಮನೆಯೇ ಮನೆಬಾಗಿಲಿಗೆ ಬರುತ್ತದೆ ಎನ್ನುವ ಜಾಹೀರಾತುಗಳು ಬರುತ್ತಿವೆ. ಒಂದು ಲಾರಿ ಬರುತ್ತದೆ. ಕ್ರೇನ್ ಒಂದು ದೊಡ್ಡ ಪೆಟ್ಟಿಗೆಯನ್ನು ಇಳಿಸುತ್ತದೆ. ನಾಲ್ಕು ಜನ ಅದರ ಗೋಡೆಗಳನ್ನು ಕಪಾಟಿನ ಬಾಗಿಲಿನಂತೆ ಬಿಚ್ಚುತ್ತಾರೆ. ನೋಡನೋಡುತ್ತಿದ್ದಂತೆ ಎರಡು ಕೋಣೆ, ಒಂದು ಬಚ್ಚಲು, ಕಿಟಕಿಗೆ ಪರದೆ! ವಿಡಿಯೋ ಮುಗಿಯುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ಒಳಗೆ ಕುಳಿತು ಚಹಾ ಕುಡಿಯುತ್ತಿರುತ್ತಾಳೆ.

ನಮ್ಮ ಕಾಗವಾಡದ ಕಡೆಯೂ ಇಂಥ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಒಮ್ಮೆ ಹೆಂಗಸರ ತರಗತಿ ಮುಗಿದ ಮೇಲೆ ಒಬ್ಬ ತಾಯಿ ಮೊಬೈಲನ್ನು ಮುಂದೆ ಹಿಡಿದು, “ಆಪಾ, ಇದು ಖರೇನ ಎರಡು ಲಕ್ಷಕ್ಕ ಬರತೈತೇನ್ರಿ?” ಎಂದು ಕೇಳಿದರು. ಅವರ ಮಗಳು ಎರಡು ಮಕ್ಕಳೊಂದಿಗೆ ತವರಿಗೆ ಮರಳಿದ್ದಾಳೆ. ಮನೆಯಲ್ಲಿರುವುದು ಒಂದು ಪಡಸಾಲೆ, ಅಡುಗೆಮನೆ ಮತ್ತು ಎರಡು ಕೋಣೆ. ಎರಡು ಕೋಣೆಗಳಲ್ಲೂ ಮದುವೆಯಾದ ಗಂಡುಮಕ್ಕಳ ಸಂಸಾರ. ಮಗಳು ಮಕ್ಕಳನ್ನು ಕಟ್ಟಿಕೊಂಡು ಪಡಸಾಲೆಯಲ್ಲಿ ಮಲಗುತ್ತಾಳೆ. ಮೈದುನರಲ್ಲದಿದ್ದರೂ ಅತ್ತಿಗೆಯರ ಕಡೆಯವರು, ನೆಂಟರು ಬಂದರೆ ಅವಳಿಗೆ ಕೂರಲು ಜಾಗವಿಲ್ಲ. ಅವಳ ಕೈಯಲ್ಲಿ ಮಹ್ರ್‌ನ ಹಣ, ಸ್ವಲ್ಪ ಬಂಗಾರ ಇದೆ. ಹಿಂದೆ ಹಿತ್ತಿಲು ಖಾಲಿ ಬಿದ್ದಿದೆ.

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಇದೇ ಪ್ರಶ್ನೆ ಅನೇಕ ಮನೆಗಳಲ್ಲಿ ಇದೆ. ಮಗನಿಗೆ ನಿಕಾಹ್ ಗೊತ್ತಾಗಿದೆ, ಸೊಸೆಗೆ ಕೋಣೆ ಇಲ್ಲ. ಹೆಂಡತಿಗೆ ತನ್ನದೇ ಆದ, ಬೀಗ ಹಾಕಿಕೊಳ್ಳಬಹುದಾದ ಒಂದು ಕೋಣೆಯಾದರೂ ಇರಬೇಕು ಎಂದು ಹನಫಿ ಫಿಕ್ಹ್‌ನಲ್ಲಿ ಹೇಳಲಾಗಿದೆ. ಅದನ್ನು ನಾವು ಮದರಸಾದಲ್ಲಿ ಓದಿದ್ದೆವು. ಆದರೆ ಕೂಡುಕುಟುಂಬದಲ್ಲಿ ಸೊಸೆಯ ಕೋಣೆಯೇ ಅರ್ಧ ಮನೆಯ ಟ್ರಂಕು, ಗಾದಿಗಳ ಉಗ್ರಾಣವಾಗಿರುವುದನ್ನು ನೋಡುತ್ತಲೇ ಇದ್ದೇವೆ. ಇನ್ನು ಕೆಲವು ಮನೆಗಳಲ್ಲಿ ಹೊಲಿಗೆ ಕೆಲಸಕ್ಕೆ, ಮಕ್ಕಳ ಟ್ಯೂಷನ್‌ಗೆ, ಮೆಟ್ಟಿಲು ಹತ್ತಲಾಗದ ವೃದ್ಧ ತಾಯಿಗೆ ಒಂದು ಕೋಣೆ ಬೇಕು. ಗೌಂಡಿ ಇವತ್ತು ಬಂದರೆ ನಾಳೆ ಬರುವುದಿಲ್ಲ. ಉಸುಕು, ಸಿಮೆಂಟಿನ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹೀಗಿರುವಾಗ ಸಿದ್ಧ ಮನೆಯ ಕಡೆ ಮನಸ್ಸು ಹೋಗುವುದು ಸಹಜ.

ಇವು ಯಾವ ಮನೆಗಳು?

ಆನ್‌ಲೈನಿನಲ್ಲಿ ‘ಪೋರ್ಟಾ ಕ್ಯಾಬಿನ್’, ‘ಪ್ರಿಫ್ಯಾಬ್ ಮನೆ’, ‘ಕಂಟೇನರ್ ಮನೆ’, ‘ಟೈನಿ ಹೌಸ್’ ಎಂದು ನಾನಾ ಹೆಸರುಗಳಿವೆ. ಮೂಲದಲ್ಲಿ ಮೂರು ನಾಲ್ಕು ಬಗೆ ಅಷ್ಟೆ. ಕಬ್ಬಿಣದ ಚೌಕಟ್ಟಿಗೆ ಹೊರಗೆ ತಗಡು, ಒಳಗೆ ಹಲಗೆ ಹೊಡೆದ ಪೆಟ್ಟಿಗೆ ಒಂದು ಬಗೆ. ಹೆದ್ದಾರಿ ಕೆಲಸ ನಡೆಯುವ ಕಡೆ ಎಂಜಿನಿಯರುಗಳು ಕೂರುವ ಕೋಣೆ ಇದೇ. ಎರಡನೆಯದು, ಎರಡು ತಗಡಿನ ನಡುವೆ ಗಟ್ಟಿ ಫೋಮ್ ತುಂಬಿದ ಪ್ಯಾನೆಲ್‌ಗಳನ್ನು ನಮ್ಮ ಜಾಗಕ್ಕೇ ತಂದು ಜೋಡಿಸುವ ಮನೆ. ಇದನ್ನು ಪಫ್ ಪ್ಯಾನೆಲ್ ಎನ್ನುತ್ತಾರೆ. ಮೂರನೆಯದು, ಹಡಗಿನಲ್ಲಿ ಸಾಮಾನು ಸಾಗಿಸಿ ಹಳತಾದ ಕಂಟೇನರನ್ನು ಕೊರೆದು ಕಿಟಕಿ ಬಾಗಿಲು ಇಟ್ಟದ್ದು. ಆ ವಿಡಿಯೋದಲ್ಲಿ ಕಾಣುವ ಮಡಚುವ ಮನೆ ಇನ್ನೊಂದು ಬಗೆ. ಅಂಥವು ಹೆಚ್ಚಾಗಿ ಚೀನಾದಲ್ಲಿ ತಯಾರಾಗಿ ಅಮೆರಿಕದ ಕಡೆ ಮಾರಾಟವಾಗುತ್ತವೆ. ಅಮೆರಿಕದಲ್ಲಿ ಅಮೆಜಾನ್‌ನಂಥ ಅಂಗಡಿಗಳಲ್ಲೂ ಅವು ಸಿಗುತ್ತವೆ. ಹೊರದೇಶದ ಸೈಟಿನಲ್ಲಿ ಕಾಣುವ ಬೆಲೆ ಬಹಳ ಸಲ ಅಲ್ಲಿಯ ಬಂದರಿನವರೆಗಿನ ಬೆಲೆ ಮಾತ್ರ. ಹಡಗಿನ ಬಾಡಿಗೆ, ಸುಂಕ, ಮುಂಬಯಿಯಿಂದ ಇಲ್ಲಿಗೆ ಟ್ರೇಲರ್ ಎಲ್ಲ ಬೇರೆ. ಬಾಗಿಲು ಕೆಟ್ಟರೆ ರಿಪೇರಿಗೆ ಯಾರನ್ನು ಕರೆಯುವುದು? ಅದನ್ನು ಬಿಟ್ಟುಬಿಡುವುದೇ ವಾಸಿ.

ಅಳತೆಯನ್ನೂ ನೆನಪಿಡಿ. 20 ಅಡಿಯ ಕಂಟೇನರ್ ಎಂದರೆ 20 ಅಡಿ ಉದ್ದ, 8 ಅಡಿ ಅಗಲ, ಅಂದರೆ 160 ಚದರ ಅಡಿ. ಅದೂ ಹೊರಗಿನ ಅಳತೆ. ಒಳಗೆ ಹಲಗೆ ಹೊಡೆದ ಮೇಲೆ ಅಗಲ ಏಳೂವರೆ ಅಡಿಗೆ ಇಳಿಯುತ್ತದೆ. ಆರು ಅಡಿಯ ಮಂಚವನ್ನು ಅಡ್ಡ ಹಾಕಿದರೆ ಪಕ್ಕದಲ್ಲಿ ಒಬ್ಬರು ನಡೆಯುವಷ್ಟು ದಾರಿ ಉಳಿಯುತ್ತದೆ. ಚಿತ್ರದಲ್ಲಿ ಅದು ಹಾಲ್‌ನಂತೆ ಕಾಣುವುದು ಕ್ಯಾಮೆರಾದ ಕರಾಮತ್ತು. ಹಣ ಕಳಿಸುವ ಮೊದಲು ಹಿತ್ತಿಲಿನಲ್ಲಿ ಸುಣ್ಣದ ಪುಡಿಯಿಂದ ಅಷ್ಟೇ ಅಳತೆಯ ಗೆರೆ ಎಳೆದು, ಅದರೊಳಗೆ ಒಂದು ಚಾಪೆ, ಎರಡು ಟ್ರಂಕು ಇಟ್ಟು ನೋಡಿ.

ಮಿರ್ಜಾ ಇಸ್ಮಾಯಿಲರ ಕಾಲದ ವಾಸ್ತುಶಿಲ್ಪಿ ಕಲಿಸಿದ ಪಾಠ

ಮನೆಯನ್ನು ಕಾರ್ಖಾನೆಯಲ್ಲಿ ಮಾಡಿ ಊರಿಗೆ ಕಳಿಸುವುದು ಇಂಟರ್ನೆಟ್ ತಂದ ಹೊಸ ವಿಚಾರವಲ್ಲ. ಅಮೆರಿಕದ ಸಿಯರ್ಸ್ ರೋಬಕ್ ಎಂಬ ಕಂಪನಿ 1908ರಿಂದ 1940ರ ವರೆಗೆ ಅಂಚೆಯ ಕ್ಯಾಟಲಾಗಿನ ಮೂಲಕ ಮನೆ ಮಾರುತ್ತಿತ್ತು. ಸುಮಾರು 70 ಸಾವಿರ ಮನೆಗಳು ಹಾಗೆ ಮಾರಾಟವಾದವು. ಅಂಕಿ ಬರೆದ ಮರದ ತುಂಡುಗಳು, ಮೊಳೆ, ಬಾಗಿಲು, ಬಣ್ಣ ಎಲ್ಲ ರೈಲಿನ ಬೋಗಿಯಲ್ಲಿ ಬರುತ್ತಿದ್ದವು. ಆದರೆ ಇಟ್ಟಿಗೆ, ಸಿಮೆಂಟು, ಬುನಾದಿಯ ಕೆಲಸ ಕೊಂಡವರ ಪಾಲಿಗೆ. ಆಗಲೂ ಕ್ಯಾಟಲಾಗಿನ ಬೆಲೆ ಬೇರೆ, ಮನೆಯ ಬೆಲೆ ಬೇರೆ ಆಗಿತ್ತು.

ನಮ್ಮ ದೇಶದ ಕಥೆ ಇನ್ನೂ ಸ್ವಾರಸ್ಯಕರ. ಸರ್ ಮಿರ್ಜಾ ಇಸ್ಮಾಯಿಲ್ ಅವರು ಮೈಸೂರಿನ ದಿವಾನರಾಗಿದ್ದಾಗ, 1939ರಲ್ಲಿ, ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡ ಆಟೋ ಕೋನಿಗ್ಸ್‌ಬರ್ಗರ್ ಎಂಬ ಯಹೂದಿ ವಾಸ್ತುಶಿಲ್ಪಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ಕೈಕೆಲಸ. ಬಿಸಿಲು ಗಾಳಿಗಳನ್ನು ನೋಡಿ ಮನೆ ಕಟ್ಟಬೇಕು ಎಂಬುದನ್ನು ಅವರು ಇಲ್ಲಿಯೇ ಕಲಿತು ಮುಂದೆ ಜಗತ್ತಿಗೆ ಕಲಿಸಿದರು. ದೇಶವಿಭಜನೆಯ ನಂತರ ನಿರಾಶ್ರಿತರಿಗೆ ಲಕ್ಷಗಟ್ಟಲೆ ಮನೆಗಳು ಬೇಕಾದಾಗ ಕೇಂದ್ರ ಸರಕಾರ 1948ರಲ್ಲಿ ಅವರನ್ನೇ ವಸತಿ ನಿರ್ದೇಶಕರನ್ನಾಗಿ ಮಾಡಿತು. ದಿಲ್ಲಿಯಲ್ಲಿ ಮನೆ ತಯಾರಿಸುವ ಸರಕಾರಿ ಕಾರ್ಖಾನೆಯೇ ತೆರೆಯಿತು. ಆದರೆ ಅಲ್ಲಿ ಎರಕ ಹೊಯ್ದ ಗೋಡೆಯ ಹಲಗೆಗಳು ಬಿರುಕು ಬಿಟ್ಟವು. ಯೋಜನೆ ಟೀಕೆಗೆ ಗುರಿಯಾಯಿತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ಹೋದರು.

ಅಷ್ಟು ದೊಡ್ಡ ತಜ್ಞರ ಕೈಯಲ್ಲೂ ಹೀಗಾಯಿತು ಎಂದಮೇಲೆ ಸಿದ್ಧ ಮನೆಯೇ ಕೆಟ್ಟದ್ದು ಎಂದು ಹೇಳಬೇಕಾಗಿಲ್ಲ. ಇಂದು ತಂತ್ರ ಬಹಳ ಮುಂದುವರಿದಿದೆ. ಇಂದೋರ್, ರಾಂಚಿ, ಚೆನ್ನೈ ಸೇರಿದಂತೆ ಆರು ನಗರಗಳಲ್ಲಿ ಇಂಥ ಹೊಸ ತಂತ್ರಗಳ ವಸತಿ ಯೋಜನೆಗೆ 2021ರ ಜನವರಿ 1ರಂದು ಕೇಂದ್ರ ಸರಕಾರವೇ ಅಡಿಗಲ್ಲು ಹಾಕಿತು. ಆದರೆ ಅವೆಲ್ಲ ಎಂಜಿನಿಯರುಗಳು ಎದುರು ನಿಂತು ಕಟ್ಟಿಸುವ ಕೆಲಸ. ನಮ್ಮ ಹಿತ್ತಿಲಿನಲ್ಲಿ ಎದುರು ನಿಲ್ಲುವವರು ನಾವೇ.

ಎರಡು ಲಕ್ಷದ ಲೆಕ್ಕ

ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕಾಣುವ ದರ ಚದರ ಅಡಿಗೆ ಸಾವಿರ ರೂಪಾಯಿಯಿಂದ ಒಂದೂವರೆ, ಎರಡು ಸಾವಿರದವರೆಗೆ ಇರುತ್ತದೆ. 1,200 ರೂಪಾಯಿ ಎಂದು ಹಿಡಿಯೋಣ. 160 ಚದರ ಅಡಿಗೆ 1,92,000 ರೂಪಾಯಿ. ಎರಡು ಲಕ್ಷದೊಳಗೇ ಆಯಿತಲ್ಲ! ಇದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿಸಿದರೆ ಇನ್ನೂ 34,560 ರೂಪಾಯಿ. ಅಲ್ಲಿಗೆ 2,26,560. ‘ತೆರಿಗೆ ಪ್ರತ್ಯೇಕ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ನಂತರ ಟ್ರೇಲರ್ ಬಾಡಿಗೆ. ಪುಣೆಯಿಂದಲೋ ಮುಂಬಯಿಯಿಂದಲೋ ಬರುವುದಾದರೆ ಕಿಲೋಮೀಟರ್ ಲೆಕ್ಕ. ಇಳಿಸಲು ಹೈಡ್ರಾ ಕ್ರೇನ್. ಈ ಕ್ರೇನ್ ವಿಷಯದಲ್ಲಿಯೇ ಬಹಳ ಜನ ಸಿಕ್ಕಿಬೀಳುತ್ತಾರೆ. ನಮ್ಮ ಹಳೆಯ ಗಲ್ಲಿಗಳನ್ನು ನೀವು ಬಲ್ಲಿರಿ. ಎರಡು ಬೈಕು ಎದುರಾದರೆ ಒಂದು ಹಿಂದೆ ಸರಿಯಬೇಕು. ಮೇಲೆ ಕರೆಂಟಿನ ತಂತಿಗಳ ಜಾಲ. ಮನೆಯ ಮುಂಬಾಗಿಲಿನಿಂದ ಹಿತ್ತಿಲಿಗೆ ಪೆಟ್ಟಿಗೆ ಹೋಗುವುದಿಲ್ಲ, ಮಾಳಿಗೆಯ ಮೇಲಿಂದ ಎತ್ತಿ ಇಳಿಸಬೇಕು. ಸುತ್ತಲ ಊರೊಂದರಲ್ಲಿ ಹೀಗೇ ತರಿಸಿದ ಪೆಟ್ಟಿಗೆ ಗಲ್ಲಿಯ ತುದಿಯವರೆಗೆ ಬಂದು ಒಳಗೆ ತಿರುಗಲಾರದೆ, ಕಡೆಗೆ ಬೇರೆಯವರ ಹೊಲದಲ್ಲಿ ಇಳಿಯಿತು. ಅದನ್ನು ಮತ್ತೆ ಸಾಗಿಸುವ ಖರ್ಚಿಗೆ ಹೆದರಿ ಆ ಮನೆಯವರು ಅದರಲ್ಲಿ ಗೊಬ್ಬರದ ಚೀಲ ಇಟ್ಟಿದ್ದಾರೆ. ಗಲ್ಲಿ ಕಿರಿದಾಗಿದ್ದರೆ ಪೆಟ್ಟಿಗೆ ಬೇಡ. ಪ್ಯಾನೆಲ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಹೊತ್ತು ತಂದು ಜೋಡಿಸುವ ಬಗೆಯೇ ಸರಿ. ಗಲ್ಲಿಯ ಅಗಲ, ತಿರುವು, ತಂತಿಯ ಎತ್ತರ ಇವನ್ನು ಟೇಪು ಹಿಡಿದು ಅಳೆದು, ವಿಡಿಯೋ ಮಾಡಿ ಮಾರುವವರಿಗೆ ಕಳಿಸಿ, ‘ನೋಡಿದ್ದೇವೆ, ತಲುಪಿಸುತ್ತೇವೆ’ ಎಂದು ಬರೆಸಿಕೊಳ್ಳಿ.

ಇನ್ನು ಪಾಯ. ಕೃಷ್ಣಾ ತೀರದ ನಮ್ಮ ನೆಲ ಹೆಚ್ಚಾಗಿ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ‘ಬುನಾದಿ ಬೇಕಿಲ್ಲ, ಇಟ್ಟರೆ ಸಾಕು’ ಎನ್ನುವ ಮಾತು ಮುರ್ರಂ ನೆಲದಲ್ಲಿ ನಡೆದೀತು, ಎರೆಯಲ್ಲಿ ನಡೆಯುವುದಿಲ್ಲ. ಒಂದು ಮೂಲೆ ಕುಸಿದರೆ ಮೊದಲು ಬಾಗಿಲು ಬಿಗಿಯಾಗುತ್ತದೆ, ಆಮೇಲೆ ಸಂದುಗಳು ಬಾಯಿ ಬಿಡುತ್ತವೆ, ಮಳೆನೀರು ಒಳಗೆ. ಎರೆ ತೆಗೆದು ಮುರ್ರಂ ತುಂಬಿ, ಸಿಮೆಂಟಿನ ಕಟ್ಟೆಗಳನ್ನು ಕಟ್ಟಿ ಅದರ ಮೇಲೆ ಕೂರಿಸಬೇಕು. ಅಂದರೆ ಗೌಂಡಿಯನ್ನು ಕರೆಯುವುದು ತಪ್ಪಲಿಲ್ಲ.

‘ಬಾತ್‌ರೂಮ್ ಸಹಿತ’ ಎಂದಿರುತ್ತದೆ. ಬಾತ್‌ರೂಮ್ ಇರುತ್ತದೆ ನಿಜ. ಅದರ ಕೊಳವೆ ಪೆಟ್ಟಿಗೆಯ ಹೊರಗೆ ಬಂದು ನಿಲ್ಲುತ್ತದೆ. ಮುಂದೆ ಗುಂಡಿ ತೋಡಿಸುವುದು, ನೀರಿನ ಟಾಕಿ ಇಡುವುದು, ಪಂಪಿನಿಂದ ಪೈಪು ಎಳೆಯುವುದು ನಮ್ಮ ಕೆಲಸ. ಎಲ್ಲ ಕೂಡಿದಾಗ ಎರಡು ಲಕ್ಷದ ಕೋಣೆ ಮೂರು, ಮೂರೂವರೆ ಲಕ್ಷ ದಾಟಿದರೆ ಆಶ್ಚರ್ಯವಿಲ್ಲ. ಅಷ್ಟರಲ್ಲಿ ನಮ್ಮ ಗೌಂಡಿ ಎಷ್ಟು ಕಟ್ಟುತ್ತಾನೆ ಎಂದು ಒಮ್ಮೆ ಕೇಳಿ ನೋಡಿ. ಮಿರಜ, ಸಾಂಗ್ಲಿ, ಅಥಣಿಗಳ ಫ್ಯಾಬ್ರಿಕೇಶನ್ ಅಂಗಡಿಗಳಲ್ಲೂ ಅದೇ ಅಳತೆ ಕೊಟ್ಟು ವಿಚಾರಿಸಿ. ಕಣ್ಣೆದುರು ವೆಲ್ಡಿಂಗ್ ಮಾಡಿಸಿಕೊಳ್ಳಬಹುದು, ಕೆಟ್ಟರೆ ಮರುದಿನವೇ ಕರೆಯಬಹುದು.

ಬಿಸಿಲು, ಬೆಂಕಿ, ಹೊಳೆ

ತಗಡಿನ ಕೋಣೆ ಎಂದರೇನು ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. 2005ರಲ್ಲಿ, 2019ರ ಆಗಸ್ಟ್‌ನಲ್ಲಿ, 2021ರ ಜುಲೈಯಲ್ಲಿ ಕೃಷ್ಣೆ ಉಕ್ಕಿ ಬಂದಾಗ ಜುಗೂಳ, ಮಂಗಾವತಿ, ಶಹಾಪುರ, ಕೃಷ್ಣಾ ಕಿತ್ತೂರಿನಂಥ ಊರುಗಳ ಜನ ಮನೆ ಬಿಟ್ಟು ಹೋದರು. ಉತ್ತರ ಕರ್ನಾಟಕದಲ್ಲಿ 2009ರ ನೆರೆಯ ನಂತರವೂ, 2019ರ ನಂತರವೂ ಎಷ್ಟೋ ಕುಟುಂಬಗಳು ಪತ್ರಾಸಿನ ಶೆಡ್ಡುಗಳಲ್ಲಿ ದಿನ ದೂಡಿದವು. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಅವುಗಳೊಳಗೆ ಕೂರಲಾಗದೆ ಬಾಣಂತಿಯರೂ ಮರದ ನೆರಳಿಗೆ ಬರುತ್ತಿದ್ದರು.

ಒಳಗೆ ಫೋಮ್ ತುಂಬಿದ ಪ್ಯಾನೆಲ್ ಈ ಬರಿ ತಗಡಿಗಿಂತ ಎಷ್ಟೋ ಮೇಲು. ಆದರೆ ದಪ್ಪ ಕೇಳಬೇಕು. ಚಾವಣಿಗೂ ಗೋಡೆಗೂ 50 ಮಿಲಿಮೀಟರಿಗಿಂತ ಕಡಿಮೆ ಬೇಡ. ಅನೇಕರು ಗೋಡೆಗೆ ಫೋಮ್ ಹಾಕಿ ಚಾವಣಿಗೆ ಬರಿ ತಗಡು ಹೊಡೆದು ಕಳಿಸುತ್ತಾರೆ. ಬಿಸಿಲು ಬೀಳುವುದೇ ಚಾವಣಿಯ ಮೇಲೆ. ಪೆಟ್ಟಿಗೆಯ ಮೇಲೆ ಒಂದಡಿ ಸಂದು ಬಿಟ್ಟು ಇನ್ನೊಂದು ಪತ್ರಾಸಿನ ಚಪ್ಪರ ಹಾಕಿಸಿದರೆ ಕಾವು ಬಹಳ ಇಳಿಯುತ್ತದೆ. ಕಬ್ಬಿನ ರವದಿ ಹೊದಿಸಿದರೆ ಇನ್ನೂ ತಂಪು ಎನ್ನುವವರಿದ್ದಾರೆ, ಆದರೆ ಒಂದು ಕಿಡಿ ಸಾಕು. ದೊಡ್ಡ ಕಿಟಕಿಯನ್ನು ಪಶ್ಚಿಮಕ್ಕೆ ಇಡಿಸಬೇಡಿ. ವಿಡಿಯೋದ ಮನೆಗಳಲ್ಲಿ ಒಂದಿಡೀ ಗೋಡೆಯೇ ಗಾಜಿನದಾಗಿರುತ್ತದೆ. ಸುತ್ತ ಹತ್ತು ಮಾಳಿಗೆಗಳಿರುವ ನಮ್ಮ ಹಿತ್ತಿಲಿನಲ್ಲಿ ಹಗಲಿಡೀ ಪರದೆ ಎಳೆದುಕೊಂಡು ಕತ್ತಲಲ್ಲಿ ಕೂರಲು ಗಾಜಿಗೇಕೆ ಹಣ ಕೊಡಬೇಕು? ಎದುರುಬದುರು ಎರಡು ಕಿಟಕಿ, ತುಸು ಎತ್ತರದಲ್ಲಿ, ಇದ್ದರೆ ಗಾಳಿಯೂ ಆಡುತ್ತದೆ, ಮರೆಯೂ ಇರುತ್ತದೆ.

ಫೋಮ್‌ಗೆ ಇನ್ನೊಂದು ಗುಣವಿದೆ. ಕೆಲವರು ಒಳಗೆ ಥರ್ಮೋಕೋಲ್ ತುಂಬುತ್ತಾರೆ. ಅದಕ್ಕೆ ಬೆಂಕಿ ತಗುಲಿದರೆ ಕರಗಿ ಉರಿಯುತ್ತದೆ, ಹೊಗೆ ವಿಷ. ಸಾದಾ ಪಫ್ ಕೂಡ ಬೆಂಕಿಗೆ ನಿರ್ಭಯವಲ್ಲ. ಬೆಂಕಿ ಹಿಡಿಯದ ರಾಕ್‌ವೂಲ್ ಪ್ಯಾನೆಲ್‌ಗಳು ಸಿಗುತ್ತವೆ, ಬೆಲೆ ಹೆಚ್ಚು. ಆದ್ದರಿಂದ ಇಂಥ ಕೋಣೆಯೊಳಗೆ ಗ್ಯಾಸಿನ ಒಲೆ ಹೂಡುವುದೇ ಬೇಡ. ಅಡುಗೆ ಹಳೆಯ ಮನೆಯಲ್ಲಿ ಒಟ್ಟಿಗೇ ಆಗಲಿ. ಬೇರೆ ಆಗಲೇಬೇಕಿದ್ದರೆ ಹೊರಗೆ ಇಟ್ಟಿಗೆಯ ಸಣ್ಣ ಅಡುಗೆಮನೆ ಕಟ್ಟಿಸಿ. ಬಾಗಿಲು ಹೊರಗೆ ತೆರೆಯುವಂತಿರಲಿ.

ಕರೆಂಟಿನ ಮಾತು ಇದಕ್ಕಿಂತ ಮುಖ್ಯ. ಇದು ಕಬ್ಬಿಣದ ಮನೆ. ಒಂದು ವೈರಿನ ಸಿಪ್ಪೆ ಹೋದರೆ ಇಡೀ ಗೋಡೆ ಶಾಕ್ ಹೊಡೆಯುತ್ತದೆ. ಪೆಟ್ಟಿಗೆಯ ಚೌಕಟ್ಟಿಗೇ ಪ್ರತ್ಯೇಕ ಅರ್ಥಿಂಗ್ ಮಾಡಿಸಿ, ಸೋರುವ ಕರೆಂಟನ್ನು ಗುರುತಿಸಿ ತಾನಾಗಿ ಬೀಳುವ ಸ್ವಿಚ್ಚನ್ನು (ಎಲೆಕ್ಟ್ರಿಷಿಯನ್‌ಗಳು ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಎನ್ನುತ್ತಾರೆ) ಹಾಕಿಸದೆ ಮಕ್ಕಳನ್ನು ಒಳಗೆ ಬಿಡಬಾರದು. ಹಳೆಯ ಮನೆಯ ಹೋಲ್ಡರಿನಿಂದ ವೈರು ಎಳೆದು ಕೆಲಸ ಮುಗಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಹೊಳೆಯ ದಡದ ಊರಿನವರು ಇನ್ನೊಂದನ್ನು ಯೋಚಿಸಬೇಕು. ‘ನೆರೆ ಬಂದರೆ ಎತ್ತಿಕೊಂಡು ಹೋಗಬಹುದು’ ಎಂದು ಮಾರುವವರು ಹೇಳುತ್ತಾರೆ. ರಾಜಾಪುರ ಬ್ಯಾರೇಜಿನಿಂದ ನೀರು ಬಿಟ್ಟ ಸುದ್ದಿ ಬಂದ ದಿನ ಊರಿನವರೆಲ್ಲ ದನಕರು, ಕಾಳುಕಡಿ ಸಾಗಿಸಲು ಟ್ರ್ಯಾಕ್ಟರಿಗೆ ಅಲೆಯುತ್ತಿರುತ್ತಾರೆ. ಅಂದು ಕ್ರೇನ್ ಎಲ್ಲಿಂದ ಬರಬೇಕು? 20 ಅಡಿಯ ಖಾಲಿ ಕಂಟೇನರಿನ ತೂಕ ಎರಡೂಕಾಲು ಟನ್ನಿನ ಆಸುಪಾಸು. ಕೇಳಲು ಹೆಚ್ಚೆನಿಸಿದರೂ ಅಷ್ಟು ದೊಡ್ಡ ಪೆಟ್ಟಿಗೆಗೆ ಇದು ಹಗುರ. ನೀರು ಬೇಗ ಒಳಗೆ ಹೋಗದಿದ್ದರೆ ದೋಣಿಯಂತೆ ತೇಲಲು ಹೊರಡುತ್ತದೆ. ಮುಂಗಾರಿನ ಮೊದಲ ಬಿರುಗಾಳಿಗೆ ಪತ್ರಾಸು ಹಾರುವುದನ್ನೂ ನೋಡಿದ್ದೇವೆ. ನಾಲ್ಕೂ ಮೂಲೆಗಳನ್ನು ಕಟ್ಟೆಗೆ ಬೋಲ್ಟಿನಿಂದ ಬಿಗಿಯಲೇಬೇಕು. ಪ್ರತಿ ವರ್ಷ ನೀರು ನುಗ್ಗುವ ಜಾಗವಾದರೆ ಆ ಹಣದಲ್ಲಿ ಎತ್ತರದಲ್ಲಿ ಜಾಗ ಹುಡುಕುವುದು ಮೇಲು.

ನೆರೆ ಪರಿಹಾರದ ಅಥವಾ ವಸತಿ ಯೋಜನೆಯ ಹಣದಲ್ಲಿ ಇದನ್ನು ಕೊಳ್ಳಬಹುದೇ ಎಂದೂ ಕೆಲವರು ಕೇಳುತ್ತಾರೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ರಾಜ್ಯ ಸರಕಾರ ಘೋಷಿಸಿತ್ತು. ಆದರೆ ಅಂಥ ಹಣ ಬುನಾದಿ, ಗೋಡೆ, ಚಾವಣಿ ಎಂದು ಹಂತ ಹಂತವಾಗಿ, ಫೋಟೋ ತೆಗೆದ ಮೇಲೆ ಬರುತ್ತದೆ. ಸಿದ್ಧ ಮನೆಯವರು ಹಣವನ್ನು ಮೊದಲೇ ಕೇಳುತ್ತಾರೆ. ಎರಡೂ ಹೊಂದುವುದು ಕಷ್ಟ. ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆ ಅಡುಗೆಯ ಜಾಗ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ ಇರಬೇಕು. 160 ಚದರ ಅಡಿಯ ಪೆಟ್ಟಿಗೆ ಅದಕ್ಕೆ ಸಾಲದು. ಆ ಯೋಜನೆಯ ಆಸೆಯಲ್ಲಿರುವವರು ಪಂಚಾಯಿತಿಯಲ್ಲಿ ಕೇಳದೆ ಮುಂದುವರಿಯಬಾರದು. ಹಿತ್ತಿಲಿನಲ್ಲಿ ವಾಸದ ಕೋಣೆ ಕೂರಿಸಲು ಪಂಚಾಯಿತಿಯ ಒಪ್ಪಿಗೆಯನ್ನೂ ಅದೇ ವೇಳೆಗೆ ಕೇಳಿಬಿಡಿ. ‘ಚಕ್ರವಿದೆ, ಪರವಾನಿಗೆ ಬೇಡ’ ಎಂಬ ಮಾರಾಟಗಾರರ ಮಾತು ನೆರೆಯವರು ತಕರಾರು ಅರ್ಜಿ ಕೊಟ್ಟ ದಿನ ಕೆಲಸಕ್ಕೆ ಬರುವುದಿಲ್ಲ.

ಕಾಣದೆ ಕೊಳ್ಳುವುದು

ಇಂಡಿಯಾಮಾರ್ಟ್‌ನಂಥ ಸೈಟುಗಳು ಮಾರುವವರ ವಿಳಾಸ ತೋರಿಸುವ ಸಂತೆ ಇದ್ದಂತೆ. ಮನೆಯನ್ನು ಮಾರುವುದು ಆ ಸೈಟಲ್ಲ, ಅಲ್ಲಿ ಹೆಸರು ಹಾಕಿಸಿದ ಯಾವುದೋ ಊರಿನ ಅಂಗಡಿ. ಸಾಮಾಜಿಕ ಜಾಲತಾಣದ ಪುಟಗಳಲ್ಲಿ ಇನ್ನೂ ಕಷ್ಟ. ಬೇರೆಯವರ ಫೋಟೋ ಕದ್ದು ಹಾಕಿ, ಅರ್ಧ ಬೆಲೆಗೆ ಕೊಡುತ್ತೇವೆಂದು ಮುಂಗಡ ತೆಗೆದುಕೊಂಡು ಫೋನ್ ಬಂದ್ ಮಾಡುವವರಿದ್ದಾರೆ.

ಮಾರುವವರ ಜಿಎಸ್‌ಟಿ ಸಂಖ್ಯೆ ಕೇಳಿ. ಅದು 15 ಅಕ್ಷರಗಳದ್ದು. ಮೊದಲ ಎರಡು ಅಂಕಿ ರಾಜ್ಯದ ಗುರುತು: ಕರ್ನಾಟಕ 29, ಮಹಾರಾಷ್ಟ್ರ 27. ಸರಕಾರದ ಜಿಎಸ್‌ಟಿ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅಂಗಡಿಯ ನೋಂದಾಯಿತ ಹೆಸರು, ಅದು ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ‘ಬೆಂಗಳೂರಿನ ಕಂಪನಿ’ ಎಂದವರ ಸಂಖ್ಯೆ ಬೇರೆ ಅಂಕಿಯಿಂದ ಆರಂಭವಾದರೆ ಏಕೆಂದು ಕೇಳಿ. ಹಣವನ್ನು ಅಂಗಡಿಯ ಹೆಸರಿನ ಖಾತೆಗೆ ಮಾತ್ರ ಹಾಕಿ, ಯಾರದೋ ಸ್ವಂತ ಫೋನ್ ನಂಬರಿಗಲ್ಲ. ಮಿರಜದಿಂದ ಪುಣೆಗೆ ರೈಲಿದೆ. ಎರಡು ಲಕ್ಷ ಕೊಡುವ ಮೊದಲು ಮನೆಯ ಒಬ್ಬರು ಹೋಗಿ ಕಾರ್ಖಾನೆ ನೋಡಿ ಬರುವುದು ದುಬಾರಿಯಲ್ಲ.

ಮೋಸವಾದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಬದಲಾಗುತ್ತದೆ. ಮಾಲು ಕೆಟ್ಟದ್ದು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮಗೊಂದು ದೊಡ್ಡ ಅನುಕೂಲವಿದೆ. ಮಾರಿದವರು ಪುಣೆಯವರಿರಲಿ, ದಿಲ್ಲಿಯವರಿರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಆದರೆ ಬಿಲ್ಲಿಲ್ಲದೆ, ಬರಿ ವಾಟ್ಸ್ಆ್ಯಪ್ ಮಾತಿನ ಮೇಲೆ ಕೊಂಡವರು ಅಲ್ಲಿ ಬಹಳ ತೊಡಕಿಗೆ ಸಿಲುಕುತ್ತಾರೆ.

ಕಾಣದ ವಸ್ತುವನ್ನು ಕೊಳ್ಳುವ ಬಗ್ಗೆ ನಮ್ಮ ಫಿಕ್ಹ್‌ನ ಗ್ರಂಥಗಳಲ್ಲಿ ಶತಮಾನಗಳ ಹಿಂದೆಯೇ ಚರ್ಚೆ ನಡೆದಿದೆ. ಸಿದ್ಧವಿರುವ ವಸ್ತುವನ್ನು ನೋಡದೆ ಕೊಂಡರೆ, ನೋಡಿದ ಮೇಲೆ ಬೇಡವೆನ್ನುವ ಹಕ್ಕು ಕೊಂಡವರಿಗಿದೆ ಎಂದು ಹನಫಿ ವಿದ್ವಾಂಸರು ಹೇಳುತ್ತಾರೆ. ಇದಕ್ಕೆ ಖಿಯಾರೆ ರೂಯತ್ ಎನ್ನುತ್ತಾರೆ. ಅಳತೆ ಕೊಟ್ಟು ಮಾಡಿಸುವುದು ಇಸ್ತಿಸ್ನಾ. ಜಾತಿ, ಅಳತೆ, ಗುಣ ಎಲ್ಲವನ್ನೂ ವಿವರವಾಗಿ ಹೇಳಿರಬೇಕೆಂಬುದು ಅದರ ಷರತ್ತು; ಹಣವನ್ನು ಮೊದಲೇ, ಕಂತಿನಲ್ಲಿ ಅಥವಾ ಕೊನೆಗೆ ಕೊಡಬಹುದು. ಇಮಾಮ್ ಅಬೂ ಯೂಸುಫ್‌ರ ಅಭಿಪ್ರಾಯದಲ್ಲಿ ಹೇಳಿದಂತೆಯೇ ಮಾಡಿ ತಂದರೆ ಮಾಡಿಸಿದವರು ಹಿಂಜರಿಯುವಂತಿಲ್ಲ. 19ನೇ ಶತಮಾನದ ಉಸ್ಮಾನಿ ಕಾನೂನು ಸಂಹಿತೆ ‘ಮಜಲ್ಲಾ’ ಇದನ್ನೇ ಒಪ್ಪಿತು. ಬಡಗಿಯೂ ನಷ್ಟಕ್ಕೆ ಸಿಗಬಾರದಲ್ಲ! ಹಾಗಾಗಿ ಎಲ್ಲವೂ ವಿವರದ ಮೇಲೆ ನಿಂತಿದೆ. ತಗಡಿನ ದಪ್ಪ ಎಷ್ಟು ಮಿಲಿಮೀಟರ್, ಒಳಗಿನದು ಪಫ್ಫೋ ಥರ್ಮೋಕೋಲೋ ರಾಕ್‌ವೂಲೋ, ನೆಲಕ್ಕೆ ಸಿಮೆಂಟ್ ಹಲಗೆಯೋ ಪ್ಲೈವುಡ್ಡೋ, ಸಾಗಾಟ ಮತ್ತು ಕ್ರೇನ್ ಯಾರದು, ತೆರಿಗೆ ಸೇರಿದೆಯೇ, ಎಷ್ಟು ದಿನದೊಳಗೆ, ಸೋರಿದರೆ ಎಷ್ಟು ವರ್ಷ ರಿಪೇರಿ. ಇವೆಲ್ಲ ಕಾಗದದಲ್ಲಿರಲಿ. ಮುಂಗಡವನ್ನು ಆದಷ್ಟು ಕಡಿಮೆ ಕೊಟ್ಟು, ದೊಡ್ಡ ಕಂತನ್ನು ಕೋಣೆ ಕೂತ ಮೇಲೆ ಕೊಡುವಂತೆ ಮಾತಾಡಿ.

ಬಿಲ್ಲು ಯಾರ ಹೆಸರಿಗೆ?

ಇಷ್ಟು ಹೊತ್ತು ತಗಡು, ಕ್ರೇನ್ ಎಂದು ಬರೆದೆ. ಇನ್ನು ಹೇಳುವುದು ಅವೆಲ್ಲಕ್ಕಿಂತ ಕಠಿಣವಾದ ಮಾತು. ಆ ತಾಯಿಯ ಮಗಳಂಥ ಹೆಣ್ಣುಮಕ್ಕಳು ಕೊಳ್ಳುವ ಕೋಣೆ ಮಹ್ರ್‌ನ ಹಣದ್ದು, ಮಾರಿದ ಬಂಗಾರದ್ದು. ಅದು ಕೂರುವ ನೆಲ ತಂದೆಯದು. ಅಂಗಡಿಯವರೊಂದಿಗೆ ಫೋನಿನಲ್ಲಿ ಮಾತಾಡುವವನು ಅಣ್ಣ. ಬಿಲ್ಲು ಸಹಜವಾಗಿ ಅಣ್ಣನ ಹೆಸರಿಗೆ ಬರುತ್ತದೆ! ಯಾರ ಮನಸ್ಸಿನಲ್ಲೂ ಕೆಟ್ಟದ್ದಿರುವುದಿಲ್ಲ. ಹತ್ತು ವರ್ಷದ ನಂತರ ತಂದೆ ತೀರಿಕೊಂಡು ಹಿತ್ತಿಲು ಪಾಲಾಗುವಾಗ ಆ ಕೋಣೆ ಯಾರದು?

ಸಿದ್ಧ ಕೋಣೆಗೆ ಗೋಡೆ ಕಟ್ಟಿದ ಕೋಣೆಗಿಲ್ಲದ ಒಂದು ಗುಣ ಇಲ್ಲಿದೆ. ನೆಲದಲ್ಲಿ ಹುಗಿದು ಕಟ್ಟಿದ್ದನ್ನು ಕಾನೂನು ನೆಲದ ಭಾಗವೆಂದು ನೋಡುತ್ತದೆ. ಕಟ್ಟೆಯ ಮೇಲೆ ಕೂರಿಸಿ ಬೋಲ್ಟು ಬಿಗಿದ, ಬಿಚ್ಚಿ ಒಯ್ಯಬಹುದಾದ ಪೆಟ್ಟಿಗೆ ಸಾಮಾನ್ಯವಾಗಿ ಚರಾಸ್ತಿ. ಹೇಗೆ ಕೂರಿಸಿದೆ, ಯಾವ ಉದ್ದೇಶಕ್ಕೆ ಕೂರಿಸಿದೆ ಎಂಬ ಎರಡನ್ನೂ ನ್ಯಾಯಾಲಯ ನೋಡುತ್ತದೆ. ಬಿಲ್ಲು ಮಗಳ ಹೆಸರಿನಲ್ಲಿದ್ದು, ಹಣ ಅವಳ ಖಾತೆಯಿಂದಲೇ ಹೋಗಿದ್ದರೆ, ಹೊಲಿಗೆ ಯಂತ್ರದಂತೆ, ಕಪಾಟಿನಂತೆ ಅದು ಅವಳದೇ ಎಂದು ಹೇಳಲು ಆಧಾರ ಸಿಗುತ್ತದೆ. ಪಾಲಿನ ಮಾತು ಬಂದಾಗ ಅದು ತಂದೆಯ ಆಸ್ತಿಯಲ್ಲಿ ಬೆರೆಯುವುದಿಲ್ಲ. ನಾಳೆ ಅವಳಿಗೆ ಮತ್ತೆ ನಿಕಾಹ್ ಆದರೆ, ಬೇರೆ ಊರಿಗೆ ಹೋಗುವಂತಾದರೆ, ಕೋಣೆಯನ್ನು ಒಯ್ಯಲೂಬಹುದು, ಮಾರಲೂಬಹುದು. ಇಟ್ಟಿಗೆಯ ಕೋಣೆಗೆ ಹಾಕಿದ ಹಣವನ್ನು ಅಣ್ಣನ ಗೋಡೆಯಿಂದ ಕಿತ್ತು ತರಲಾದೀತೆ?

ಕೋಣೆಯ ಕೆಳಗಿನ ನೆಲವನ್ನೂ ಮಗಳಿಗೆ ಕೊಡಬೇಕೆಂದು ತಂದೆಗೆ ಮನಸ್ಸಿದ್ದರೆ ಹಿಬಾ ಮಾಡಬಹುದು. ಕೊಡುವವರು ಕೊಟ್ಟೆನೆಂದು ಹೇಳಬೇಕು, ಪಡೆಯುವವರು ಒಪ್ಪಬೇಕು, ಸ್ವಾಧೀನ ಕೈಗೆ ಬರಬೇಕು. ಈ ಮೂರೂ ಇಲ್ಲದೆ ‘ಅಬ್ಬಾ ಯಾವಾಗಲೂ ಹಾಗೆ ಅನ್ನುತ್ತಿದ್ದರು’ ಎಂಬ ಮಾತು ನಿಲ್ಲುವುದಿಲ್ಲ. ‘ನನ್ನ ನಂತರ ಅವಳಿಗೆ’ ಎಂದು ವಸಿಯ್ಯತ್ ಬರೆದರೆ ಅದೂ ಸಾಲದು. ವಾರಸುದಾರರಿಗೆ ಮಾಡಿದ ವಸಿಯ್ಯತ್ ಉಳಿದ ವಾರಸುದಾರರ ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ. ಹಿಬಾವನ್ನು ಕಾಗದದಲ್ಲಿ ಬರೆದು, ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ಆ ತುಂಡನ್ನು ಬೇರೆ ಮಾಡಿಸಲು ಏನು ಬೇಕೆಂದು ವಕೀಲರನ್ನು ಕೇಳಬೇಕು.

ಗಂಡುಮಕ್ಕಳಿಗೂ ತಿಳಿಸಿಯೇ ಇದನ್ನು ಮಾಡಬೇಕು. ಮಕ್ಕಳಲ್ಲಿ ಒಬ್ಬನಿಗೇ ಉಡುಗೊರೆ ಕೊಟ್ಟು ಸಾಕ್ಷಿಯಾಗುವಂತೆ ಕೇಳಿದ ತಂದೆಗೆ ಪ್ರವಾದಿವರ್ಯರು(ಸ) ಸಾಕ್ಷಿಯಾಗಲು ಒಪ್ಪದಿದ್ದ ಘಟನೆ ನುಅ್ಮಾನ್ ಬಿನ್ ಬಶೀರ್(ರ) ಅವರಿಂದ ಬುಖಾರಿ, ಮುಸ್ಲಿಮ್‌ಗಳಲ್ಲಿ ವರದಿಯಾಗಿದೆ. ನಿಜವಾದ ಅಗತ್ಯವಿರುವ ಮಗುವಿಗೆ ಹೆಚ್ಚು ಕೊಡುವುದಕ್ಕೆ ಅವಕಾಶವಿದೆ ಎಂದು ಉಲಮಾಗಳಲ್ಲಿ ಹಲವರು ಹೇಳಿದ್ದಾರೆ. ಮನೆಯ ಮಗಳು ಮಕ್ಕಳೊಂದಿಗೆ ಪಡಸಾಲೆಯಲ್ಲಿ ಮಲಗುವುದು ಅಗತ್ಯವಲ್ಲದೆ ಮತ್ತೇನು? ಆದರೂ ಅಣ್ಣತಮ್ಮಂದಿರು, ಅತ್ತಿಗೆಯರು ಕೂತಿರುವಾಗಲೇ ಈ ಮಾತು ಆಗಲಿ. ನೆಲ ಕೊಡಲು ಆಗದಿದ್ದರೆ, ಕೋಣೆ ಅವಳದು, ನೆಲ ಎಲ್ಲರದು, ಅವಳು ಬೇಕೆನಿಸುವಷ್ಟು ದಿನ ಅಲ್ಲಿರಬಹುದು, ಹೋಗುವಾಗ ಒಯ್ಯಬಹುದು ಎಂದು ನಾಲ್ಕು ಸಾಲು ಬರೆದು ಎಲ್ಲರೂ ಸಹಿ ಮಾಡಿ, ಇಬ್ಬರು ಸಾಕ್ಷಿ ಹಾಕಿಸಿ. ನೀರು, ಕರೆಂಟಿನ ಬಿಲ್ಲಿನಲ್ಲಿ ಅವಳ ಪಾಲೆಷ್ಟು ಎಂಬುದೂ ಅದರಲ್ಲಿರಲಿ. ದೊಡ್ಡ ಜಗಳಗಳು ಹೆಚ್ಚಾಗಿ ಹುಟ್ಟುವುದು ಅಲ್ಲಿಂದಲೇ.

ಬಿಲ್ಲಿಗೆ ಯಾರ ಹೆಸರು ಬರೆಯಲಿ ಎಂದು ಅಂಗಡಿಯವರು ಕೇಳುವುದು ಮುಂಗಡ ಕೊಡುವ ದಿನವೇ. ಅದೇ ಹೆಸರು ಸಾಗಾಟದ ಇ-ವೇ ಬಿಲ್ಲಿನಲ್ಲಿ, ಗ್ಯಾರಂಟಿ ಕಾರ್ಡಿನಲ್ಲಿ ಬರುತ್ತದೆ, ಆಮೇಲೆ ಬದಲಾಯಿಸುವುದು ರಗಳೆ. ಆ ದಿನ ಮಗಳ ಆಧಾರ್ ಪ್ರತಿ, ಅವಳ ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ಕೈಯಲ್ಲಿಟ್ಟುಕೊಂಡು ಕುಳಿತುಕೊಳ್ಳಿ.